ಮಾನಸಗಂಗೋತ್ರಿಯೋ, ಖಾಸಗಿ ವಿವಿಯೋ? ಎರಡೂ ಕಡೆ ಕೂತು ನೋಡಿದ ಮೇಲೆ

ಎಂ.ಎಸ್ಸಿ. ಕೆಮಿಸ್ಟ್ರಿಗೆ ಎಲ್ಲಿ ಸೇರಲಿ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮೆರಿಟ್ ಸೀಟು ಸಿಕ್ಕರೆ ಬಿಡಬೇಡಿ. ನಾನು ಮೊದಲು ಐದು ವಾರ ಬೆಂಗಳೂರಿನ ಒಂದು ಖಾಸಗಿ ವಿವಿಯಲ್ಲಿದ್ದೆ. ಆಮೇಲೆ ಎರಡು ವರ್ಷ ಮೈಸೂರು ವಿವಿಯ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಓದಿದೆ.

ಖಾಸಗಿ ಕಡೆ ತರಗತಿ ಬೇಗ ಶುರುವಾಗುತ್ತದೆ. ಸರ್ಕಾರಿ ವಿವಿಗಳಲ್ಲಿ ಪದವಿ ಫಲಿತಾಂಶ, ಪ್ರವೇಶ ಪರೀಕ್ಷೆ, ಸೀಟು ಪಟ್ಟಿ ಎಲ್ಲ ಬರುವವರೆಗೆ ಕಾಯಬೇಕು. ಕೈಯಲ್ಲಿ ಒಂದು ಸೀಟಿರಲಿ ಅಂತ ಅಪ್ಪ ಖಾಸಗಿಯಲ್ಲಿ ಮೊದಲ ಕಂತು ಕಟ್ಟಿಬಿಟ್ಟರು.

ಸೇರಿದ ದಿನವೇ ಅಲ್ಲಿ ನನ್ನ ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ಅಂತ ಇಟ್ಟುಕೊಂಡರು. ನಾನೂ ಸುಮ್ನೆ ಕೊಟ್ಟೆ. ಮೈಸೂರಿನ ಪಟ್ಟಿಯಲ್ಲಿ ಹೆಸರು ಬಂದಾಗ ವಾಪಸ್ ಕೇಳಿದೆ. ಎರಡೂ ವರ್ಷದ ಫೀಸು ಕಟ್ಟಿ, ತೆಗೆದುಕೊಂಡು ಹೋಗಿ ಅಂದರು. ಮೈಸೂರಿನಲ್ಲಿ ದಾಖಲೆ ತೋರಿಸಲು ನಾಲ್ಕು ದಿನ ಉಳಿದಿತ್ತು. ಅದರಲ್ಲಿ ಎರಡು ದಿನ ಒಂದು ಕೌಂಟರಿನಿಂದ ಇನ್ನೊಂದಕ್ಕೆ ಅಲೆದೆ. ಅಪ್ಪ ಸಾಲ ಮಾಡೋಣವಾ ಅಂತ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪಾರು ಮಾಡಿದ್ದು ಸೀನಿಯರ್ ಒಬ್ಬರು ಕಳಿಸಿದ, ದೇಶದ ವಿವಿಗಳಿಗೆ ನಿಯಮ ಮಾಡುವ ಯುಜಿಸಿಯ ಅಧಿಸೂಚನೆ, 2018ರ ಅಕ್ಟೋಬರಿನದು. ಮೂಲ ಅಂಕಪಟ್ಟಿ, ಟಿಸಿ ಯಾವುದನ್ನೂ ಸಂಸ್ಥೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ, ನೋಡಿ ಅಲ್ಲೇ ವಾಪಸ್ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಪ್ರವೇಶದ ಕೊನೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೆ ಶುಲ್ಕದ ಶೇ. 80, 30 ದಿನದೊಳಗಾದರೆ ಶೇ. 50 ವಾಪಸ್ ಅಂತಲೂ ಇದೆ. ಅದರ ಪ್ರತಿ ಲಗತ್ತಿಸಿ ಅರ್ಜಿ ಬರೆದೆ. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಮರುದಿನ ಅಂಕಪಟ್ಟಿ ಕೈಗೆ ಬಂತು. ಅರ್ಧ ದುಡ್ಡು ಬರಲು ಮೂರು ತಿಂಗಳಾಯಿತು.

ಇನ್ನು ಹೆಸರಿನ ವಿಷಯ. ಮೈಸೂರು ವಿವಿ ಶುರುವಾಗಿದ್ದು 1916ರಲ್ಲಿ. ಸಿ.ಎನ್.ಆರ್. ರಾವ್ 1951ರಲ್ಲಿ ಬಿ.ಎಸ್ಸಿ. ಪಡೆದದ್ದೂ ಇಲ್ಲಿಂದಲೇ. ಹೆಮ್ಮೆಯೇ, ಆದರೆ ನಿಮ್ಮ ಲ್ಯಾಬಿಗೆ ಅದರಿಂದ ಏನೂ ಬರುವುದಿಲ್ಲ ಅಲ್ವಾ? ಖಾಸಗಿಯವರು ಜಾಹೀರಾತಿನಲ್ಲಿ ಹಾಕುವ ರ‍್ಯಾಂಕೂ ಅಷ್ಟೇ. ಕೇಂದ್ರ ಸರ್ಕಾರದ ರ‍್ಯಾಂಕ್ ಪಟ್ಟಿ ಎನ್‌ಐಆರ್‌ಎಫ್‌ನಲ್ಲಿ ವಿವಿಗಳಿಗೆ 100ಕ್ಕೆ 30 ಅಂಕ ಸಂಶೋಧನೆಗೆ, 10 ಅಂಕ ಜನರ ಅಭಿಪ್ರಾಯಕ್ಕೆ. ಅದು ಇಡೀ ವಿವಿಯ ಲೆಕ್ಕ. ಕೆಮಿಸ್ಟ್ರಿ ವಿಭಾಗ ಹೇಗಿದೆ ಅಂತ ಅದರಲ್ಲಿ ಗೊತ್ತಾಗುವುದಿಲ್ಲ. ವಿಭಾಗದಲ್ಲಿ ಎಷ್ಟು ಜನ ಪಿಎಚ್.ಡಿ. ಮಾಡುತ್ತಿದ್ದಾರೆ, ಮೇಷ್ಟ್ರುಗಳ ಪೇಪರು ಎಲ್ಲಿ ಬಂದಿವೆ, ಅದನ್ನು ನೋಡಿ.

ನನಗೆ ಮಾನಸಗಂಗೋತ್ರಿ ಹಿಡಿಸಿದ್ದು ಇದೇ ಕಾರಣಕ್ಕೆ. ಪ್ರಾಜೆಕ್ಟ್ ಮಾಡುವಾಗ ಪಕ್ಕದಲ್ಲೇ ಸಂಶೋಧನಾ ವಿದ್ಯಾರ್ಥಿಗಳು ಇರುತ್ತಿದ್ದರು. ಕಾಲಂ ಹಾಕುವುದನ್ನು, ಅಂದರೆ ಮಿಶ್ರಣದಿಂದ ಬೇಕಾದ ಸಂಯುಕ್ತವನ್ನು ಬೇರ್ಪಡಿಸುವುದನ್ನು, ನನಗೆ ಕಲಿಸಿದವರು ಅವರೇ. ನಾನು ಮಾಡಿದ ಸಂಯುಕ್ತದ ಸ್ಯಾಂಪಲ್ ಪರೀಕ್ಷೆಗೆ ಕ್ಯಾಂಪಸ್ಸಿನ ವಿಜ್ಞಾನ ಭವನಕ್ಕೆ ಹೋಗಿ, ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಹಾಳೆ ಕೈಗೆ ಬಂದಾಗ ಆದ ಖುಷಿ ಇನ್ನೂ ನೆನಪಿದೆ. ಖಾಸಗಿಯಲ್ಲಿ ಲ್ಯಾಬು ಹೊಸದು, ಫಳಫಳ ಹೊಳೆಯುತ್ತಿತ್ತು. ಆದರೆ ನಾಲ್ಕೂವರೆಗೆ ಬೀಗ.

ಮೈಸೂರಿನಲ್ಲಿ ಓಪನ್ ಎಲೆಕ್ಟಿವ್ ಅಂತ ಬೇರೆ ವಿಭಾಗದ ಒಂದು ಪೇಪರ್ ತೆಗೆದುಕೊಳ್ಳಬಹುದು. ನಾನು ಕನ್ನಡ ಅಧ್ಯಯನ ಸಂಸ್ಥೆಗೆ ಹೋದೆ. ಚೆನ್ನಾಗಿತ್ತು.

ಪ್ಲೇಸ್‌ಮೆಂಟ್‌ಗೆ ಖಾಸಗಿಯವರು ಜಾಸ್ತಿ ಓಡಾಡುತ್ತಾರೆ, ಅದು ನಿಜ. ಓದು ಮುಗಿದ ಕೂಡಲೇ ಕಂಪನಿ ಕೆಲಸ ಬೇಕು ಅನ್ನುವವರಿಗೆ ಅದೇ ಸರಿಹೋಗಬಹುದು. ನನಗೆ ಪಿಎಚ್.ಡಿ. ಆಸೆ ಇತ್ತು. ಸಂಜೆ ಹೊತ್ತು ಲ್ಯಾಬಿನಲ್ಲಿ ಕೂರುವುದು ನನ್ನ ಅಭ್ಯಾಸ. ತಂಗಿಯ ಓದಿಗೂ ಅಪ್ಪನ ಸಂಬಳದಲ್ಲೇ ದುಡ್ಡು ಉಳಿಯಬೇಕಿತ್ತು. ಖಾಸಗಿಯಲ್ಲಿ ನಾವು ಕಟ್ಟಿದ್ದ ಒಂದು ಕಂತೇ ಮೈಸೂರಿನ ಎರಡು ವರ್ಷದ ಫೀಸಿಗಿಂತ ಜಾಸ್ತಿ ಇತ್ತು.

ಕಳೆದ ತಿಂಗಳು ಪಿಎಚ್.ಡಿ.ಗೆ ಸೇರಿದೆ. ಅಂಕಪಟ್ಟಿಯ ಫೈಲು ತೋರಿಸಿ, ಅಲ್ಲೇ ನಿಂತು ವಾಪಸ್ ತೆಗೆದುಕೊಂಡು ಬಂದೆ.