ಮೊದಲ ಸ್ಕ್ಯಾನಿನಲ್ಲಿ ಕಾಣದ ಪೆಟ್ಟು: ದಾವಣಗೆರೆಯ ಒಂದು ಸ್ಕ್ಯಾನಿಂಗ್ ಸೆಂಟರಿನ ಅನುಭವ

ಕಳೆದ ಶ್ರಾವಣದಲ್ಲಿ ನಮ್ಮ ಭಾವ ಬೈಕಿನಿಂದ ಬಿದ್ದರು. ತಲೆಯ ಮೇಲೆ ಹೆಲ್ಮೆಟ್ ಇತ್ತು, ಅದರ ಪಟ್ಟಿ ಬಿಗಿದಿರಲಿಲ್ಲ. ಆ ನಿಮಿತ್ತ ದಾವಣಗೆರೆಯ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿಗೆ ಮೂರು ವಾರಗಳ ಅಂತರದಲ್ಲಿ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಎಕ್ಸ್-ರೇಯಿಂದ ಚಿತ್ರ ತೆಗೆಯುವ ಸಿ.ಟಿ. ಸ್ಕ್ಯಾನಿಗೆ, ಎರಡನೆಯ ಸಲ ಕಾಂತಕ್ಷೇತ್ರದಿಂದ ಚಿತ್ರ ತೆಗೆಯುವ ಎಂ.ಆರ್.ಐ.ಗೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿನ ಯಂತ್ರಗಳ ಬಗ್ಗೆ ನನಗೆ ದೂರಿಲ್ಲ, ಇರುವ ಮುಖ್ಯ ತಕರಾರು ಒಂದು ಪದದ ಬಗ್ಗೆ.

ಮೊದಲ ರಾತ್ರಿಯ ಸೇವೆಗೆ ಪೂರ್ಣ ಅಂಕ ಕೊಡುತ್ತೇನೆ. ಬಿದ್ದ ಮೇಲೆ ಭಾವ ಎರಡು ಸಲ ವಾಂತಿ ಮಾಡಿಕೊಂಡಿದ್ದರು, ಬಿದ್ದದ್ದು ಹೇಗೆಂಬುದೇ ಅವರಿಗೆ ನೆನಪಿರಲಿಲ್ಲ; ಆಸ್ಪತ್ರೆಯ ಚೀಟಿಯಲ್ಲಿ, ರೋಗಿಯ ಎಚ್ಚರದ ಮಟ್ಟವನ್ನು ಹೇಳುವ ಗ್ಲಾಸ್ಗೋ ಅಂಕ 14 ಎಂದಿತ್ತು. ಮೂರರಿಂದ ಹದಿನೈದರವರೆಗಿನ ಆ ಅಳತೆಯಲ್ಲಿ 13ರಿಂದ 15 ಬಂದರೆ ವೈದ್ಯರು ಅದನ್ನು ಸೌಮ್ಯ ಪೆಟ್ಟು ಎನ್ನುತ್ತಾರೆ. ಚೀಟಿ ನೋಡಿದ ಕೂಡಲೇ ಸರದಿಯಲ್ಲಿದ್ದವರನ್ನು ಬದಿಗಿರಿಸಿ ಒಳಗೆ ಕರೆದೊಯ್ದರು. ಮೇಜಿನ ಮೇಲೆ ಮಲಗಿಸಿ ಎಬ್ಬಿಸುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ, ಇಪ್ಪತ್ತು ನಿಮಿಷದಲ್ಲಿ ರೇಡಿಯಾಲಜಿಸ್ಟ್ ಚಿತ್ರಗಳನ್ನು ನೋಡಿ ಆಸ್ಪತ್ರೆಗೆ ನೇರವಾಗಿ ಫೋನ್ ಮಾಡಿದರು. ತಲೆಗೆ ಪೆಟ್ಟಾದಾಗ ಮೊದಲು ಸಿ.ಟಿ.ಯನ್ನೇ ಬರೆಯುವುದು ಈ ವೇಗಕ್ಕಾಗಿ. ಬುರುಡೆಯ ಬಿರುಕು ಮತ್ತು ಹಸಿ ರಕ್ತ ಅದರಲ್ಲಿ ಚೆನ್ನಾಗಿ ಕಾಣುತ್ತವೆ. ನೀರನ್ನು ಸೊನ್ನೆ, ಗಾಳಿಯನ್ನು ಮೈನಸ್ 1000 ಎಂದಿಟ್ಟುಕೊಳ್ಳುವ ಅದರ ಸಾಂದ್ರತೆಯ ಮಾಪಕದಲ್ಲಿ ಹೆಪ್ಪುಗಟ್ಟಿದ ಹೊಸ ರಕ್ತ ಮಿದುಳಿನ ಅಂಗಾಂಶಕ್ಕಿಂತ ಮೇಲೆ ನಿಲ್ಲುವುದರಿಂದ ಬೆಳ್ಳಗೆ ಎದ್ದು ತೋರುತ್ತದೆ. ಆ ರಕ್ತ ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ನಿಂತಿದ್ದರೆ ಮಸೂರದ ಆಕಾರ, ಪೊರೆಯ ಒಳಗಡೆ ಹರಡಿದ್ದರೆ ಅರ್ಧಚಂದ್ರದ ಆಕಾರ. ತಕ್ಷಣ ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬ ತೀರ್ಮಾನ ಬಹುಮಟ್ಟಿಗೆ ಈ ಚಿತ್ರಗಳ ಮೇಲೆ ನಿಲ್ಲುತ್ತದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮೋರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಹೀಗೆ ಚಿತ್ರಿಸಿದರಂತೆ. ಯಂತ್ರವನ್ನು ರೂಪಿಸಿದ ಹೌನ್ಸ್‌ಫೀಲ್ಡ್‌ಗೆ 1979ರಲ್ಲಿ ನೊಬೆಲ್ ಬಂತು. ವಿಕಿರಣದ ಭಯ ಅಕ್ಕನಿಗಿತ್ತು. ತಲೆಯ ಒಂದು ಸಿ.ಟಿ.ಯಲ್ಲಿ ತಗಲುವುದು ಸುಮಾರು 2 ಮಿಲಿಸೀವರ್ಟ್, ಅಂದರೆ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಪ್ರಕೃತಿಯಿಂದಲೇ ನಮ್ಮ ಮೈಗೆ ತಗಲುವಷ್ಟು ಎಂದು ಟೆಕ್ನೀಷಿಯನ್ ಸಮಾಧಾನ ಹೇಳಿದರು.

ಎಡವಟ್ಟಾದದ್ದು ಕೌಂಟರಿನಲ್ಲಿ. ರಿಪೋರ್ಟಿನಲ್ಲಿ ಬರೆದದ್ದು ತಲೆಬುರುಡೆಯೊಳಗೆ ಹೊಸ ರಕ್ತಸ್ರಾವ ಕಂಡುಬಂದಿಲ್ಲ ಎಂದು ಮಾತ್ರ. ಲಕೋಟೆ ಕೊಟ್ಟ ಹುಡುಗ ಹೇಳಿದ್ದು, "ಏನೂ ಆಗಿಲ್ಲ ಅಕ್ಕಾ, ನಾರ್ಮಲ್ ಇದೆ." ರಕ್ತಸ್ರಾವ ಕಾಣಲಿಲ್ಲ ಎನ್ನುವುದು ಬೇರೆ, ಮಿದುಳಿಗೆ ಏನೂ ಆಗಿಲ್ಲ ಎನ್ನುವುದು ಬೇರೆ. ಮುಂದಿನ ಹದಿನೈದು ದಿನ ನಮ್ಮ ಮನೆ ಆ ಒಂದು ಪದವನ್ನು ನಂಬಿಕೊಂಡು ನಡೆಯಿತು. ಭಾವ ಅಂಗಡಿಯ ಲೆಕ್ಕದಲ್ಲಿ ತಪ್ಪತೊಡಗಿದರು, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಇಪ್ಪತ್ತು ವರ್ಷದ ಗಿರಾಕಿಯೊಬ್ಬರ ಮೇಲೆ ಕಾರಣವಿಲ್ಲದೆ ರೇಗಿದರು. "ನಾರ್ಮಲ್ ಅಂತ ಹೇಳಿದಾರಲ್ಲ, ಮತ್ತೇನಾಗಿದೆ ನಿಮಗೆ?" ಎಂದು ಅಕ್ಕ ಕೇಳಿದಾಗ ಅವರ ಹತ್ತಿರ ಉತ್ತರವಿರಲಿಲ್ಲ.

ಕೊನೆಗೆ ನರರೋಗ ತಜ್ಞರು ಎಂ.ಆರ್.ಐ. ಬರೆದುಕೊಟ್ಟರು, ಅದರಲ್ಲಿ ಸಣ್ಣ ಸಣ್ಣ ರಕ್ತದ ಕಲೆಗಳನ್ನೂ ತೋರಿಸುವ ಎಸ್.ಡಬ್ಲ್ಯು.ಐ. ಎಂಬ ವಿಧಾನ ಇರಲೇಬೇಕು ಎಂದು ಅಡಿಗೆರೆ ಎಳೆದಿದ್ದರು. ಕೌಂಟರಿನವರು ಅದನ್ನು ಗಮನಿಸದೆ ಸಾದಾ ಮಿದುಳಿನ ಪ್ಯಾಕೇಜಿಗೆ ಬಿಲ್ ಮಾಡಿದರು. ಒಳಗಿನ ಟೆಕ್ನೀಷಿಯನ್ ಚೀಟಿಯನ್ನು ಮತ್ತೊಮ್ಮೆ ಓದಿ ಸರಿಪಡಿಸಿದರು. ಅವರು ಓದದೇ ಇದ್ದಿದ್ದರೆ ಎರಡನೆಯ ಹಣವೂ ವ್ಯರ್ಥವಾಗುವ ಸಂಭವವಿತ್ತು. ಯಂತ್ರದ ಕಾಂತಬಲ 1.5 ಟೆಸ್ಲಾ, ಈ ಬಗೆಯ ಕಲೆಗಳನ್ನು 3 ಟೆಸ್ಲಾ ಯಂತ್ರ ಇನ್ನೂ ಸೂಕ್ಷ್ಮವಾಗಿ ಹಿಡಿಯುತ್ತದೆಯಾದರೂ ನಮ್ಮ ಕೆಲಸಕ್ಕೆ ಇದೇ ಸಾಕಾಯಿತು. ಕಿವಿಗೆ ಹತ್ತಿ, ಅದರ ಮೇಲೆ ಹೆಡ್‌ಫೋನ್ ಇಟ್ಟು ಮುಕ್ಕಾಲು ಗಂಟೆ ಮಲಗಿಸಿದರು.

ಚಿತ್ರದಲ್ಲಿ ಮುಂಭಾಗದ ಬೂದು ಮತ್ತು ಬಿಳಿ ಪದರಗಳು ಸೇರುವಲ್ಲಿ ನಾಲ್ಕು, ಎರಡು ಅರೆಗೋಳಗಳನ್ನು ಬೆಸೆಯುವ ಪಟ್ಟಿಯಲ್ಲಿ ಒಂದು, ಹೀಗೆ ಸಾಸಿವೆ ಕಾಳಿನಂಥ ಐದು ಕಪ್ಪು ಚುಕ್ಕೆಗಳಿದ್ದವು. ರೇಡಿಯಾಲಜಿಸ್ಟ್ ನಮ್ಮನ್ನು ಪರದೆಯ ಮುಂದೆ ಕೂರಿಸಿಕೊಂಡು ಹತ್ತು ನಿಮಿಷ ವಿವರಿಸಿದರು. ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಆ ಹತ್ತು ನಿಮಿಷ. ತಲೆ ಗಿರ್ರನೆ ತಿರುಗಿ ತಟ್ಟನೆ ನಿಂತಾಗ ಮಿದುಳಿನೊಳಗಿನ ಉದ್ದನೆಯ ನರತಂತುಗಳು ಎಳೆದು ಜಗ್ಗಿಹೋಗುತ್ತವೆ, ಪದರಗಳು ಕೂಡುವ ಜಾಗದಲ್ಲಿ ಈ ಎಳೆತ ಹೆಚ್ಚು. ಜೊತೆಯಲ್ಲೇ ಹರಿಯುವ ಕೂದಲೆಳೆಯಂಥ ರಕ್ತನಾಳಗಳು ಹರಿದು ರಕ್ತ ಜಿನುಗಿದರೆ ಅದರಲ್ಲಿನ ಕಬ್ಬಿಣ ಅಲ್ಲೇ ಉಳಿದು ಸುತ್ತಲಿನ ಕಾಂತಕ್ಷೇತ್ರವನ್ನು ಕದಡುತ್ತದೆ; ಎಸ್.ಡಬ್ಲ್ಯು.ಐ. ಆ ಕದಡಿಕೆಯನ್ನೇ ಕಪ್ಪಾಗಿ ತೋರಿಸುತ್ತದೆ. ಇಷ್ಟು ಸಣ್ಣ ಗಾಯ ಸಿ.ಟಿ.ಗೆ ಸಾಮಾನ್ಯವಾಗಿ ದಕ್ಕುವುದಿಲ್ಲ. ಬಹುಕಾಲದ ರಕ್ತದೊತ್ತಡದಿಂದಲೂ ಇಂಥ ಚುಕ್ಕೆಗಳು ಬರುತ್ತವೆ, ಆದರೆ ಅವು ಹೆಚ್ಚಾಗಿ ಮಿದುಳಿನ ಆಳದಲ್ಲಿರುತ್ತವೆ ಎಂದು ಜಾಗ ತೋರಿಸಿ ಹೇಳಿದರು. ಚುಕ್ಕೆಗಳನ್ನು ಎಣಿಸಿ ಚೇತರಿಕೆಯ ದಿನ ಹೇಳಲಾಗದು, ಚುಕ್ಕೆ ಇಲ್ಲದವರಿಗೂ ಇದೇ ತೊಂದರೆಗಳಿರಬಹುದು, ಅದನ್ನು ರೋಗಿಯ ಮಾತು ಮತ್ತು ತಪಾಸಣೆಯಿಂದಲೇ ತಿಳಿಯಬೇಕು ಎಂಬುದನ್ನೂ ಸೇರಿಸಿದರು. ಅಕ್ಕ ಅಲ್ಲಿಯವರೆಗೆ ಪರದೆಯನ್ನು ನೋಡುತ್ತಿದ್ದವಳು ಆಗ ಭಾವನ ಕಡೆ ತಿರುಗಿದಳು.

ಕೌಂಟರಿನಲ್ಲಿ ನರತಂತುಗಳ ಬಣ್ಣದ ನಕ್ಷೆ ಕೊಡುವ ಡಿ.ಟಿ.ಐ.ಯನ್ನೂ ಹೆಚ್ಚಿನ ಹಣಕ್ಕೆ ಮಾಡಿಸಿಕೊಳ್ಳಿ ಎಂದಿದ್ದರು. ನಾನು ಕೇಳಿದಾಗ ರೇಡಿಯಾಲಜಿಸ್ಟರೇ ಬೇಡವೆಂದರು. ಗುಂಪು ಗುಂಪಾಗಿ ರೋಗಿಗಳನ್ನು ಹೋಲಿಸುವ ಸಂಶೋಧನೆಗೆ ಅದು ಉಪಯುಕ್ತ, ಒಬ್ಬ ವ್ಯಕ್ತಿಯ ನಕ್ಷೆ ನೋಡಿ ಇದು ಪೆಟ್ಟಿನಿಂದಲೇ ಆದದ್ದು ಎಂದು ಖಚಿತವಾಗಿ ಹೇಳುವ ಮಟ್ಟಕ್ಕೆ ಇನ್ನೂ ಬಂದಿಲ್ಲವಂತೆ. ತಮ್ಮದೇ ಕೇಂದ್ರದ ವ್ಯಾಪಾರಕ್ಕೆ ಅಡ್ಡ ಬಂದ ಆ ಮಾತಿಗೆ ನಾನು ಋಣಿ.

ಉಳಿದಂತೆ, ಕೊಟ್ಟ ಸಿ.ಡಿ. ಮನೆಯ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಕೇಳಿದ ಮೇಲೆ ಚಿತ್ರಗಳನ್ನು ಮೊಬೈಲಿಗೆ ಕಳಿಸಿದರು. ಅಪಘಾತದ ಪರಿಹಾರಕ್ಕೆ ಅರ್ಜಿ ಹಾಕುವವರು ಎರಡೂ ಸಲದ ಮೂಲ ಫಿಲ್ಮ್ ಮತ್ತು ರಿಪೋರ್ಟುಗಳನ್ನು ಮರೆಯದೆ ಪಡೆದಿಟ್ಟುಕೊಳ್ಳಬೇಕು. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಡಿತವಾದ ಒಂದೂವರೆಯಲ್ಲಿ ಒಂದು ಆ ಪದಕ್ಕೆ, ಅರ್ಧ ಕಾಯುವ ಕೋಣೆಗೆ. ತಲೆಗೆ ಪೆಟ್ಟಾದವರು ಬಂದು ಕೂರುವ ಜಾಗದಲ್ಲಿ ಕಣ್ಣು ಕುಕ್ಕುವ ಆರು ಟ್ಯೂಬ್‌ಲೈಟುಗಳು, ಜೋರು ದನಿಯ ಟಿ.ವಿ.; ನಮ್ಮ ಸರದಿ ಬರುವವರೆಗೆ ಭಾವ ಹೊರಗಿನ ಮೆಟ್ಟಿಲ ಮೇಲೆ, ಟವೆಲ್ಲನ್ನು ಕಣ್ಣಿನ ಮೇಲೆ ಹಾಕಿಕೊಂಡು ಕೂತಿದ್ದರು.