ದಕ್ಷಿಣ ಚೀನಾ ಸಮುದ್ರದ ಗೋಡೆ ನಕ್ಷೆ: ಕೊಂಡವನ ಅಭಿಪ್ರಾಯ

ಕಳೆದ ತಿಂಗಳು ತರಿಸಿಕೊಂಡ ಈ ನಕ್ಷೆಯಲ್ಲಿ ಈ ಸಮುದ್ರದ ಬಹುಭಾಗ ತನ್ನದೆನ್ನಲು ಚೀನಾ ಎಳೆದಿರುವ ಒಂಬತ್ತು ಗೀಟುಗಳ ಗಡಿರೇಖೆಯೂ, ಫಿಲಿಪ್ಪೀನ್ಸ್ ಮತ್ತು ವಿಯೆಟ್ನಾಂಗಳ ವಿಶೇಷ ಆರ್ಥಿಕ ವಲಯಗಳೂ (ಕರಾವಳಿಯಿಂದ 200 ನಾಟಿಕಲ್ ಮೈಲಿಗಳವರೆಗೆ ಮೀನು, ತೈಲಗಳ ಹಕ್ಕು ಆಯಾ ದೇಶಕ್ಕಿರುವ ಕಡಲ ಪಟ್ಟಿ) ಬೇರೆ ಬೇರೆ ಬಣ್ಣಗಳಲ್ಲಿ ಒಂದರ ಮೇಲೊಂದು ಹಾದುಹೋಗಿರುವುದರಿಂದ, ವ್ಯಾಜ್ಯ ಎಲ್ಲಿದೆಯೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಸ್ಪ್ರಾಟ್ಲಿ ದ್ವೀಪಗಳ ಒಳನಕ್ಷೆಯಂತೂ ಸೊಗಸಾಗಿದೆ: ಉಬ್ಬರದಲ್ಲಿ ಮುಳುಗುತ್ತಿದ್ದ ಮಿಸ್ಚೀಫ್ ದಿಬ್ಬದ ಮೇಲೆ ಚೀನಾ ಮರಳು ಸುರಿದು ಕಟ್ಟಿದ ರನ್‌ವೇಯನ್ನೂ, ಸಮೀಪದ ಸೆಕೆಂಡ್ ಥಾಮಸ್ ದಿಬ್ಬಕ್ಕೆ ಫಿಲಿಪ್ಪೀನ್ಸ್ 1999ರಲ್ಲಿ ಬೇಕೆಂದೇ ಹತ್ತಿಸಿ ನಿಲ್ಲಿಸಿದ, ಈಗ ತುಕ್ಕು ತಿನ್ನುತ್ತಿರುವ ಹಡಗನ್ನೂ ಗುರುತಿಸಿದ್ದಾರೆ. ಹಕ್ಕು ಸಾಧಿಸಲು ಒಬ್ಬರಿಗೆ ಸಿಮೆಂಟು, ಇನ್ನೊಬ್ಬರಿಗೆ ಗುಜರಿ! ಆದರೆ ಗೀಟುಗಳೊಳಗಿನ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲವೆಂದು 2016ರಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ ನೀಡಿದ, ಚೀನಾ ಒಪ್ಪದ ತೀರ್ಪನ್ನು ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣಕ್ಷರಗಳಲ್ಲಿ ಮೂಲೆಗೆ ತಳ್ಳಿರುವುದು ದೊಡ್ಡ ಲೋಪ. ಕಾಗದ ಗಟ್ಟಿಯಾಗಿದೆ, ಮಡಿಕೆಗಳಲ್ಲಿ ಮಾತ್ರ ಆಗಲೇ ಬಣ್ಣ ಬಿಡುತ್ತಿದೆ.