ಮಧುಮೇಹಿಗಳಿಗೆ ಕರ್ಕ್ಯುಮಿನ್ ಕ್ಯಾಪ್ಸೂಲ್: ಲೇಬಲ್‌ನ ಹಿಂಬದಿ ಓದಿ ಕೊಳ್ಳಿ

95% ಕರ್ಕ್ಯುಮಿನಾಯ್ಡ್ (ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶಗಳು, ಅವುಗಳಲ್ಲಿ ಮುಖ್ಯವಾದದ್ದು ಕರ್ಕ್ಯುಮಿನ್) ಇರುವ ಅರಿಶಿನ ಸಾರಕ್ಕೆ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ ಬೆರೆಸಿ ಮಾರುವ 500 ಮಿ.ಗ್ರಾಂ ಕ್ಯಾಪ್ಸೂಲ್‌ಗಳ ವಿಮರ್ಶೆ ಇದು.

ಮೊದಲು ಲೇಬಲ್. 'ಅರಿಶಿನ ಸಾರ 500 ಮಿ.ಗ್ರಾಂ, 95% ಕರ್ಕ್ಯುಮಿನಾಯ್ಡ್' ಎಂದಿದ್ದರೆ ಒಂದು ಕ್ಯಾಪ್ಸೂಲ್‌ನಲ್ಲಿ ಸಿಗುವ ಕರ್ಕ್ಯುಮಿನಾಯ್ಡ್ 475 ಮಿ.ಗ್ರಾಂ. ಬರೀ 'ಅರಿಶಿನ 500 ಮಿ.ಗ್ರಾಂ' ಎಂದಿದ್ದರೆ ಅದು ಸಾದಾ ಪುಡಿ. ಅದರಲ್ಲಿ ಕರ್ಕ್ಯುಮಿನ್ ಸುಮಾರು 3%, ಅಂದರೆ 15 ಮಿ.ಗ್ರಾಂ ಅಷ್ಟೇ. ಎರಡಕ್ಕೂ ಡಬ್ಬಿ ಒಂದೇ ಥರ ಕಾಣುವುದರಿಂದ ಮೋಸ ಹೋಗುವವರು ಬಹಳ.

ಮುಂಬದಿಯಲ್ಲಿ ದಪ್ಪಕ್ಷರದಲ್ಲಿರುವ 'ಓರಾಕ್' (ಆಂಟಿಆಕ್ಸಿಡೆಂಟ್ ಶಕ್ತಿಯ ಅಳತೆ) ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಅದು ಪ್ರನಾಳದಲ್ಲಿ ಅಳೆದದ್ದು. ಅದರಿಂದ ದೇಹದೊಳಗಿನ ಪರಿಣಾಮ ತಿಳಿಯುವುದಿಲ್ಲ ಎಂದೇ ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಆಹಾರಗಳ ಓರಾಕ್ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಸಕ್ಕರೆ ಏರಿದಾಗ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ಸೂಪರಾಕ್ಸೈಡ್ ಎಂಬ ಹಾನಿಕರ ಆಮ್ಲಜನಕ ರೂಪ ಹೆಚ್ಚಿ, ಕಣ್ಣು, ಮೂತ್ರಪಿಂಡ, ನರಗಳಿಗೆ ಪೆಟ್ಟು ಬೀಳುತ್ತದೆ. ಅದನ್ನು ತಡೆಯಲು ಅಲ್ಲಿಗೆ ಕರ್ಕ್ಯುಮಿನ್ ತಲುಪಬೇಕಲ್ಲ, ತೊಡಕು ಅದೇ.

ಒಂದು ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಲೋಟದ ನೀರಿಗೆ ಉದುರಿಸಿ ನೋಡಿ. ಎಷ್ಟು ಕದಡಿದರೂ ಕರಗದೆ ಮೇಲೆ ತೇಲುತ್ತದೆ, ಗಾಜಿಗೆ ಅಂಟುತ್ತದೆ. ಒಂದು ಚಮಚ ಎಣ್ಣೆ ಹಾಕಿ ಕಲಕಿದರೆ ಹಳದಿ ಎಣ್ಣೆಗೆ ಹತ್ತುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ದಂಡ ಎನ್ನುವುದು ಇದಕ್ಕೇ. ಜಿಡ್ಡಿನಂಶವಿರುವ ಊಟದ ನಡುವೆ ತೆಗೆದುಕೊಳ್ಳಬೇಕು. ಹೀರಿಕೊಂಡ ಅಲ್ಪಸ್ವಲ್ಪವನ್ನೂ ಕರುಳು ಮತ್ತು ಯಕೃತ್ತು ಬೇಗ ಮಾರ್ಪಡಿಸಿ ಹೊರಹಾಕುತ್ತವೆ. ಪೈಪರಿನ್ ಆ ಕೆಲಸಕ್ಕೆ ತಡೆ ಹಾಕುತ್ತದೆ: 1998ರ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಲಭ್ಯತೆ, ಅಂದರೆ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ, 20 ಪಟ್ಟು ಏರಿತ್ತು.

ಆದರೆ ಆ ತಡೆ ಕರ್ಕ್ಯುಮಿನ್‌ಗೆ ಮಾತ್ರ ಅಲ್ಲ. ಬೇರೆ ಔಷಧಗಳನ್ನು ಒಡೆಯುವ ಕಿಣ್ವಗಳನ್ನೂ ಪೈಪರಿನ್ ಕಟ್ಟಿಹಾಕಬಲ್ಲದು, ಆಗ ರಕ್ತದಲ್ಲಿ ಅವುಗಳ ಮಟ್ಟ ಏರುತ್ತದೆ. ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ನಾವು ಇದನ್ನು ಖಂಡಿತ ಸೂಚಿಸುವುದಿಲ್ಲ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರು ವೈದ್ಯರಿಗೆ ತಿಳಿಸಿಯೇ ಶುರುಮಾಡಬೇಕು, ಮೊದಲ ವಾರಗಳಲ್ಲಿ ಗ್ಲುಕೋಮೀಟರ್ ಹೆಚ್ಚು ಸಲ ಬಳಸಬೇಕು. ಪಿತ್ತಕೋಶದಲ್ಲಿ ಕಲ್ಲಿದ್ದವರಿಗೂ ಬೇಡ, ಏಕೆಂದರೆ ಕರ್ಕ್ಯುಮಿನ್ ಪಿತ್ತಕೋಶವನ್ನು ಕುಗ್ಗಿಸುತ್ತದೆ.

ಫಲ ಎಷ್ಟು? 2012ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಪ್ರಯೋಗದಲ್ಲಿ ಮಧುಮೇಹದ ಅಂಚಿನಲ್ಲಿದ್ದ 240 ಮಂದಿಯನ್ನು 9 ತಿಂಗಳು ಗಮನಿಸಲಾಯಿತು. ಹುಸಿಮಾತ್ರೆ ಪಡೆದವರಲ್ಲಿ 16.4% ಮಂದಿಗೆ ಮಧುಮೇಹ ಬಂತು, ಕರ್ಕ್ಯುಮಿನ್ ಪಡೆದವರಲ್ಲಿ ಒಬ್ಬರಿಗೂ ಇಲ್ಲ. ಭರವಸೆ ಹುಟ್ಟಿಸುವ ಫಲಿತಾಂಶವೇ, ಆದರೆ ಒಂದು ಪ್ರಯೋಗದ ಬಲದಿಂದ ಮೆಟ್‌ಫಾರ್ಮಿನ್‌ನಂಥ ಮಧುಮೇಹದ ಮಾತ್ರೆ ಬಿಡುವಂತಿಲ್ಲ. ಸೇರ್ಪಡೆಯಾಗಿ ಐದಕ್ಕೆ ಎರಡೂವರೆ ಅಂಕ ಕೊಡುತ್ತೇವೆ.

ಅರಿಶಿನದ ಪೂರಕಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅಂದೇ ಕ್ಯಾಪ್ಸೂಲ್ ನಿಲ್ಲಿಸಿ ಯಕೃತ್ತಿನ ಪರೀಕ್ಷೆ ಮಾಡಿಸಿ, ಡಬ್ಬಿಯನ್ನೂ ವೈದ್ಯರಿಗೆ ತೋರಿಸಿ.